ವಾರಂಟ್ ಹೊರಟಿದೆ ಎಂದು ತಿಳಿದಾಗ: ಕ್ರಿಮಿನಲ್ ಪ್ರಕರಣದಲ್ಲಿ ಹೆಜ್ಜೆ ಹೆಜ್ಜೆಗೂ ಮಾಡಬೇಕಾದದ್ದು

ವಾರಂಟ್ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಮನೆಯವರೆಲ್ಲ ಕಂಗಾಲಾಗುತ್ತಾರೆ. ಸ್ವಲ್ಪ ದಿನ ಊರು ಬಿಟ್ಟಿರು ಎನ್ನುವವರಿರುತ್ತಾರೆ. ಠಾಣೆಯಲ್ಲಿ ಪರಿಚಯದವರಿದ್ದಾರೆ, ಮಾತಾಡಿಸೋಣ ಎನ್ನುವವರೂ ಇರುತ್ತಾರೆ. ಎರಡೂ ಸಲಹೆಗಳು ಕೇಡಿನವು. ನಾನು ಕಂಡ ವಾರಂಟ್‌ಗಳಲ್ಲಿ ಹೆಚ್ಚಿನವು ಹುಟ್ಟಿದ್ದು ತಪ್ಪಿಹೋದ ಒಂದು ತಾರೀಖಿನಿಂದ. ಚೆಕ್ ಬೌನ್ಸ್ ಪ್ರಕರಣ, ಜಮೀನಿನ ಬದುವಿನ ಮೇಲಿನ ಹೊಡೆದಾಟ, ಅಪಘಾತದ ಕೇಸು ಇಂಥವುಗಳಲ್ಲಿ ಒಂದೆರಡು ಸಲ ಗೈರುಹಾಜರಾದವರೇ ಜಾಮೀನುರಹಿತ ವಾರಂಟಿನವರೆಗೆ ಬಂದು ನಿಲ್ಲುತ್ತಾರೆ. ಪೊಲೀಸರು ಹಿಡಿದು ತರುವ ಮುನ್ನ ತಾವಾಗಿ ನ್ಯಾಯಾಧೀಶರ ಮುಂದೆ ಬಂದವರನ್ನು ನ್ಯಾಯಾಲಯ ನೋಡುವ ಬಗೆಯೇ ಬೇರೆ. ಈ ಬರಹದಲ್ಲಿರುವ ಎಲ್ಲ ಹೆಜ್ಜೆಗಳೂ ಆ ಒಂದು ಮಾತಿನ ಸುತ್ತಲೇ ಇವೆ.

ಮೊದಲಿಗೆ ಒಂದು ಸೂಚನೆ. 2024ರ ಜುಲೈ 1ರಿಂದ ದಂಡ ಪ್ರಕ್ರಿಯಾ ಸಂಹಿತೆಯ ಜಾಗದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಯಲ್ಲಿದೆ. ಅದಕ್ಕೂ ಮೊದಲೇ ವಿಚಾರಣೆಯಲ್ಲಿದ್ದ ಪ್ರಕರಣಗಳು ಹಳೆಯ ಸಂಹಿತೆಯ ಪ್ರಕಾರವೇ ಮುಂದುವರಿಯುತ್ತವೆ. ಆದ್ದರಿಂದ ನಿಮ್ಮ ಕಾಗದದಲ್ಲಿ ಹಳೆಯ ಕಲಮುಗಳ ಸಂಖ್ಯೆ ಕಂಡರೆ ಗಾಬರಿ ಬೇಡ. ಇಲ್ಲಿ ನಾನು ಕೊಟ್ಟಿರುವುದು ಹೊಸ ಸಂಹಿತೆಯ ಸಂಖ್ಯೆಗಳು.

ಹೆಜ್ಜೆ 1: ಪ್ರಕರಣ ಯಾವ ಹಂತದಲ್ಲಿದೆ ಎಂದು ತಿಳಿಯಿರಿ

ಠಾಣೆಗೆ ಯಾರೋ ದೂರು ಅರ್ಜಿ ಕೊಟ್ಟಿದ್ದಾರೆ ಎಂದ ಮಾತ್ರಕ್ಕೆ ನೀವು ಆರೋಪಿಯಾಗುವುದಿಲ್ಲ. ಬರೀ ಬೈಗುಳದಂತಹ ಅಸಂಜ್ಞೇಯ ವಿಷಯವಾದರೆ ಠಾಣೆಯವರು ಎನ್‌ಸಿ, ಅಂದರೆ ಅಸಂಜ್ಞೇಯ ವರದಿ ದಾಖಲಿಸಿಕೊಳ್ಳುತ್ತಾರೆ. ಮ್ಯಾಜಿಸ್ಟ್ರೇಟರ ಅನುಮತಿ ಇಲ್ಲದೆ ಅದರಲ್ಲಿ ತನಿಖೆ ನಡೆಸುವಂತಿಲ್ಲ, ವಾರಂಟ್ ಇಲ್ಲದೆ ಬಂಧಿಸುವಂತೆಯೂ ಇಲ್ಲ. ಪೊಲೀಸರು ವಾರಂಟ್ ಇಲ್ಲದೆಯೂ ಬಂಧಿಸಬಹುದಾದ ಸಂಜ್ಞೇಯ ಅಪರಾಧವಾದರೆ ಎಫ್‌ಐಆರ್ ಆಗುತ್ತದೆ, ಅದಕ್ಕೊಂದು ಕ್ರೈಂ ನಂಬರ್ ಬೀಳುತ್ತದೆ. ತನಿಖೆ ಮುಗಿದ ಮೇಲೆ ಪೊಲೀಸರು ದೋಷಾರೋಪ ಪಟ್ಟಿ ಸಲ್ಲಿಸಬಹುದು, ಇಲ್ಲವೇ ಸಾಕ್ಷ್ಯ ಇಲ್ಲವೆಂದು ‘ಬಿ’ ವರದಿ ಹಾಕಬಹುದು. ದೋಷಾರೋಪ ಪಟ್ಟಿಯನ್ನು ಮ್ಯಾಜಿಸ್ಟ್ರೇಟರು ಪರಿಗಣನೆಗೆ ತೆಗೆದುಕೊಂಡ ಮೇಲೆ ಸಿಸಿ ನಂಬರ್, ಅಂದರೆ ನ್ಯಾಯಾಲಯದ ಪ್ರಕರಣ ಸಂಖ್ಯೆ ಬರುತ್ತದೆ. ನೇರವಾಗಿ ನ್ಯಾಯಾಲಯಕ್ಕೆ ಕೊಟ್ಟ ಖಾಸಗಿ ದೂರಾದರೆ ಮೊದಲು ಪಿಸಿಆರ್ (ಖಾಸಗಿ ದೂರು) ನಂಬರ್, ಸಮನ್ಸ್ ಹೊರಡಿಸುವ ಆದೇಶವಾದ ಮೇಲೆ ಸಿಸಿ ನಂಬರ್.

ಕ್ರೈಂ ನಂಬರ್ ಹಿಡಿದುಕೊಂಡು ನ್ಯಾಯಾಲಯದಲ್ಲಿ, ಸಿಸಿ ನಂಬರ್ ಹಿಡಿದುಕೊಂಡು ಠಾಣೆಯಲ್ಲಿ ಹುಡುಕಿಸಿ ದಿನ ಕಳೆದುಕೊಳ್ಳುವವರು ಬಹಳ ಮಂದಿ. ಎರಡನ್ನೂ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ, ಜೊತೆಗೆ ನ್ಯಾಯಾಲಯದ ಪೂರ್ತಿ ಹೆಸರನ್ನೂ ಬರೆಯಿರಿ. ಒಂದೇ ಕಟ್ಟಡದಲ್ಲಿ ಮೊದಲನೆಯ, ಎರಡನೆಯ, ಮೂರನೆಯ ಜೆಎಂಎಫ್‌ಸಿ (ಪ್ರಥಮ ದರ್ಜೆ ನ್ಯಾಯಿಕ ಮ್ಯಾಜಿಸ್ಟ್ರೇಟ್) ನ್ಯಾಯಾಲಯಗಳಿರುತ್ತವೆ.

‘ಬಿ’ ವರದಿ ಹಾಕಿದ್ದಾರೆ, ಕೇಸು ಮುಗಿಯಿತು ಎಂದು ನಿಶ್ಚಿಂತರಾಗಬೇಡಿ. ಮ್ಯಾಜಿಸ್ಟ್ರೇಟರು ಅದನ್ನು ಒಪ್ಪಬೇಕು. ದೂರುದಾರರು ತಕರಾರು ಅರ್ಜಿ ಹಾಕಿದರೆ ಪ್ರಕರಣ ಮತ್ತೆ ಎದ್ದು ನಿಲ್ಲುವುದುಂಟು, ಆಗ ಸಮನ್ಸ್ ನಿಮ್ಮ ಹಳೆಯ ವಿಳಾಸಕ್ಕೆ ಹೋಗಿ ವಾಪಸಾಗುತ್ತಿರುತ್ತದೆ.

ಹೆಜ್ಜೆ 2: ವಾರಂಟ್ ನಿಜಕ್ಕೂ ಇದೆಯೇ ಎಂದು ಪತ್ತೆ ಹಚ್ಚಿ

ಯಾರ ಮೇಲೆ ವಾರಂಟ್ ಇದೆ ಎಂಬ ಪಟ್ಟಿಯನ್ನು ಸಾರ್ವಜನಿಕರಿಗೆಂದು ಒಂದೇ ಕಡೆ ಹಾಕಿರುವುದಿಲ್ಲ. ಆದರೆ ತಿಳಿಯುವ ದಾರಿಗಳಿವೆ. ಇ-ಕೋರ್ಟ್ಸ್ ಜಾಲತಾಣ ಅಥವಾ ಮೊಬೈಲ್ ಆ್ಯಪ್‌ನಲ್ಲಿ ಜಿಲ್ಲೆ ಮತ್ತು ನ್ಯಾಯಾಲಯ ಆರಿಸಿ, ಹೆಸರು ಅಥವಾ ಎಫ್‌ಐಆರ್ ಸಂಖ್ಯೆಯಿಂದ ಹುಡುಕಿ. ಪ್ರತಿ ಪ್ರಕರಣಕ್ಕೂ 16 ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ ಇರುತ್ತದೆ. ಅದು ಒಮ್ಮೆ ಸಿಕ್ಕರೆ ಮುಂದೆ ಹುಡುಕಾಟ ಇಲ್ಲ. ಪ್ರಕರಣದ ಹಂತ ಎಂಬಲ್ಲಿ ಸಮನ್ಸ್, ಎನ್‌ಬಿಡಬ್ಲ್ಯೂ ಎಂದೆಲ್ಲ ನಮೂದಾಗಿರುತ್ತದೆ. ಎನ್‌ಬಿಡಬ್ಲ್ಯೂ ಎಂದರೆ ಜಾಮೀನುರಹಿತ ವಾರಂಟ್. ಹಿಂದಿನ ತಾರೀಖುಗಳ ಮೇಲೆ ಒತ್ತಿದರೆ ಆ ದಿನ ನಡೆದದ್ದರ ಚುಟುಕು ಟಿಪ್ಪಣಿ ತೆರೆದುಕೊಳ್ಳುತ್ತದೆ.

ಹೆಸರಿನ ಕಾಗುಣಿತವನ್ನು ಬದಲಿಸಿ ಬದಲಿಸಿ ಹುಡುಕಿ. ದಾಖಲೆಗಳಲ್ಲಿ ಮಂಜುನಾಥ ಒಮ್ಮೆ ಮಂಜು, ಇನ್ನೊಮ್ಮೆ ಮಂಜುನಾಥಪ್ಪ ಆಗಿರುತ್ತಾನೆ.

ಎಫ್‌ಐಆರ್ ಪ್ರತಿಯನ್ನು ಕರ್ನಾಟಕ ರಾಜ್ಯ ಪೊಲೀಸ್ ಜಾಲತಾಣದಲ್ಲಿ ನೋಡಬಹುದು. ದಾಖಲಾದ 24 ಗಂಟೆಯೊಳಗೆ ಅಪ್‌ಲೋಡ್ ಮಾಡಬೇಕೆಂದು ಸುಪ್ರೀಂ ಕೋರ್ಟ್ 2016ರಲ್ಲಿ ಆದೇಶಿಸಿದೆ. ಲೈಂಗಿಕ ಅಪರಾಧ, ಪೋಕ್ಸೊ ಮುಂತಾದ ಸೂಕ್ಷ್ಮ ಪ್ರಕರಣಗಳು ಅಲ್ಲಿ ಸಿಗುವುದಿಲ್ಲ.

ಖಚಿತ ಮಾಹಿತಿ ಬೇಕಾದರೆ ವಕೀಲರ ಮೂಲಕ ಕಡತ ಪರಿಶೀಲಿಸಿ, ಆರ್ಡರ್ ಶೀಟಿನ ದೃಢೀಕೃತ ನಕಲು ತೆಗೆಸಿ. ಯಾವ ದಿನ ಸಮನ್ಸ್ ಹೋಯಿತು, ಏನೆಂದು ಹಿಂಬರಹ ಬರೆದು ಬಂತು, ಯಾವ ದಿನ ವಾರಂಟ್ ಆಯಿತು ಎಂಬುದೆಲ್ಲ ಅದರಲ್ಲಿ ಸಾಲುಸಾಲಾಗಿ ಇರುತ್ತದೆ. ಮನೆ ಬೀಗ ಹಾಕಿದೆ ಎಂದು ಬರೆದು ಸಮನ್ಸ್ ವಾಪಸು ಬಂದಿದ್ದರೆ ಅದೇ ನಿಮ್ಮ ಅತಿ ಬಲವಾದ ಕಾರಣ.

ಹೆಜ್ಜೆ 3: ಕೈಗೆ ಬಂದ ಕಾಗದ ಯಾವುದೆಂದು ಗುರುತಿಸಿ

ಪೊಲೀಸರು ಫೋನ್ ಮಾಡಿ ‘ಠಾಣೆಗೆ ಬನ್ನಿ’ ಎಂದರೆ ಅದು ವಾರಂಟ್ ಅಲ್ಲ. ಆರೋಪಿ ಎಂದು ಕರೆಯುತ್ತಿದ್ದರೆ, ಬಂಧಿಸುವ ಅಗತ್ಯವಿಲ್ಲದಾಗ ಕಲಂ 35(3)ರ ಪ್ರಕಾರ ಲಿಖಿತ ನೋಟಿಸ್ ಕೊಡಬೇಕು. ವಿನಯದಿಂದಲೇ ಅದನ್ನು ಕೇಳಿ, ಪಡೆದುಕೊಳ್ಳಿ, ಹೇಳಿದ ದಿನ ಹಾಜರಾಗಿ. ನೋಟಿಸ್ ಪಾಲಿಸುತ್ತಿರುವವರನ್ನು ಕಾರಣ ದಾಖಲಿಸದೆ ಬಂಧಿಸುವಂತಿಲ್ಲ. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಯಾಂತ್ರಿಕವಾಗಿ ಬಂಧಿಸಬಾರದೆಂದು ಸುಪ್ರೀಂ ಕೋರ್ಟ್ 2014ರ ಅರ್ನೇಶ್ ಕುಮಾರ್ ತೀರ್ಪಿನಲ್ಲೇ ಹೇಳಿತ್ತು.

ಸಮನ್ಸ್ ಎಂದರೆ ನ್ಯಾಯಾಲಯದ ಕರೆ. ನೀವು ಮನೆಯಲ್ಲಿಲ್ಲದಾಗ ಕುಟುಂಬದ ವಯಸ್ಕ ಸದಸ್ಯರ ಕೈಗೆ ಕೊಟ್ಟರೂ ಅದು ಜಾರಿಯಾದಂತೆಯೇ. ಮನೆಯ ಹಿರಿಯರು ಕಾಗದ ತೆಗೆದುಕೊಂಡು ದೇವರ ಕೋಣೆಯಲ್ಲಿಟ್ಟು ಮರೆತುಬಿಟ್ಟ ಕಾರಣಕ್ಕೆ ಮಗನ ಮೇಲೆ ವಾರಂಟ್ ಆದ ಪ್ರಸಂಗಗಳಿವೆ. ಅಂಥ ಕಾಗದ ಬಂದ ದಿನವೇ ಫೋಟೊ ತೆಗೆದು ಕಳಿಸುವಂತೆ ಮನೆಯಲ್ಲಿ ಹೇಳಿಡಿ.

ನಿಜವಾದ ಬಂಧನ ವಾರಂಟಿನಲ್ಲಿ ನ್ಯಾಯಾಧೀಶರ ಸಹಿ ಮತ್ತು ನ್ಯಾಯಾಲಯದ ಮೊಹರು ಇರಲೇಬೇಕು. ಜಾಮೀನುಸಹಿತ ವಾರಂಟ್ ಆದರೆ ಎಷ್ಟು ಮೊತ್ತದ ಬಾಂಡ್, ಎಷ್ಟು ಜನ ಜಾಮೀನುದಾರರು, ಯಾವ ದಿನ ಹಾಜರಾಗಬೇಕು ಎಂಬ ಷರಾ ಅದರಲ್ಲೇ ಇರುತ್ತದೆ. ಅಷ್ಟನ್ನು ಪೂರೈಸಿದರೆ ಜಾರಿಗೆ ಬಂದ ಅಧಿಕಾರಿಯೇ ನಿಮ್ಮನ್ನು ಬಿಡಬೇಕು. ಜಾಮೀನುರಹಿತ ವಾರಂಟಿನಲ್ಲಿ ಆ ಅಧಿಕಾರ ಅವರಿಗಿಲ್ಲ, ಹಿಡಿದು ನ್ಯಾಯಾಲಯದ ಮುಂದೆ ನಿಲ್ಲಿಸಲೇಬೇಕು.

ಇಲ್ಲಿ ಬಹಳ ಜನ ಎಡವುತ್ತಾರೆ. ಚೆಕ್ ಬೌನ್ಸ್ ಜಾಮೀನು ಸಿಗುವ ಅಪರಾಧ ತಾನೇ, ಅದರಲ್ಲಿ ಜಾಮೀನುರಹಿತ ವಾರಂಟ್ ಹೇಗೆ ಬರುತ್ತದೆ ಎಂದು ಕೇಳುತ್ತಾರೆ. ಅಪರಾಧದ ಸ್ವರೂಪ ಬೇರೆ, ವಾರಂಟಿನ ಸ್ವರೂಪ ಬೇರೆ. ಎಷ್ಟು ಸಣ್ಣ ಪ್ರಕರಣವಾದರೂ ಪದೇ ಪದೇ ಗೈರಾದರೆ ನ್ಯಾಯಾಲಯ ಜಾಮೀನುರಹಿತ ವಾರಂಟ್ ಹೊರಡಿಸಬಹುದು. ಸಾಮಾನ್ಯವಾಗಿ ಮೊದಲು ಸಮನ್ಸ್, ಆಮೇಲೆ ಜಾಮೀನುಸಹಿತ ವಾರಂಟ್, ಅದಕ್ಕೂ ಬಗ್ಗದಿದ್ದರೆ ಮಾತ್ರ ಜಾಮೀನುರಹಿತ ವಾರಂಟ್ ಎಂಬ ಕ್ರಮವನ್ನು ಸುಪ್ರೀಂ ಕೋರ್ಟ್ 2007ರ ಇಂದರ್ ಮೋಹನ್ ಗೋಸ್ವಾಮಿ ಪ್ರಕರಣದಲ್ಲಿ ತಿಳಿಸಿದೆ. ನಿಮ್ಮ ಆರ್ಡರ್ ಶೀಟಿನಲ್ಲಿ ಈ ಕ್ರಮ ತಪ್ಪಿದ್ದರೆ ವಕೀಲರು ಅದನ್ನು ಎತ್ತಿ ತೋರಿಸಬಹುದು.

ದಂಡ ಅಥವಾ ಜೀವನಾಂಶ ಕಟ್ಟದಿದ್ದಾಗ ಹೊರಡುವ ಎಫ್‌ಎಲ್‌ಡಬ್ಲ್ಯೂ (ಫೈನ್ ಲೆವಿ ವಾರಂಟ್) ಹಣ ವಸೂಲಿಯ ವಾರಂಟ್. ಶೋಧನಾ ವಾರಂಟ್ ಮನೆ ಅಥವಾ ಅಂಗಡಿ ಜಾಲಾಡುವುದಕ್ಕೆ. ಹೊಸ ಸಂಹಿತೆಯ ಪ್ರಕಾರ ಶೋಧದ ಆಡಿಯೊ-ವಿಡಿಯೊ ಚಿತ್ರೀಕರಣ ಆಗಬೇಕು.

ವಾಟ್ಸ್‌ಆ್ಯಪ್‌ನಲ್ಲಿ ಬರುವ ‘ವಾರಂಟ್’ಗಳ ಬಗ್ಗೆ ಕಟುವಾಗಿಯೇ ಹೇಳುತ್ತೇನೆ. ವಿಡಿಯೊ ಕರೆಯಲ್ಲಿ ಖಾಕಿ ತೊಟ್ಟು, ನಿಮ್ಮ ಆಧಾರ್ ಮೇಲೆ ಕೇಸಾಗಿದೆ, ಕ್ಯಾಮೆರಾ ಮುಂದಿನಿಂದ ಏಳಬೇಡಿ, ಪರಿಶೀಲನೆಗೆ ಹಣ ವರ್ಗಾಯಿಸಿ ಎನ್ನುವವರು ದರೋಡೆಕೋರರು. ‘ಡಿಜಿಟಲ್ ಅರೆಸ್ಟ್’ ಎಂಬುದು ಯಾವ ಕಾನೂನಿನಲ್ಲೂ ಇಲ್ಲ. ಬೆಂಗಳೂರಿನಲ್ಲಿ ಓದಿದವರು, ನಿವೃತ್ತ ಅಧಿಕಾರಿಗಳು ಕೂಡ ಬದುಕಿನ ಉಳಿತಾಯವನ್ನೆಲ್ಲ ಹೀಗೆ ಕಳೆದುಕೊಂಡಿದ್ದಾರೆ. ಯಾವ ನ್ಯಾಯಾಲಯವೂ ವಾರಂಟ್ ರದ್ದುಪಡಿಸಲು ಯುಪಿಐ ಮೂಲಕ ಹಣ ಕೇಳುವುದಿಲ್ಲ. ಕರೆ ಕತ್ತರಿಸಿ. ಹಣ ಹೋಗಿದ್ದರೆ ಆ ಕ್ಷಣವೇ 1930ಕ್ಕೆ ಫೋನ್ ಮಾಡಿ.

ಹೆಜ್ಜೆ 4: ವಾರಂಟ್ ರದ್ದುಪಡಿಸಿಕೊಳ್ಳಿ

ಹಳೆಯದಾಯಿತೆಂದು ವಾರಂಟ್ ಸಾಯುವುದಿಲ್ಲ. ಕಲಂ 72ರ ಪ್ರಕಾರ, ಹೊರಡಿಸಿದ ನ್ಯಾಯಾಲಯ ರದ್ದುಪಡಿಸುವವರೆಗೆ ಅಥವಾ ಅದು ಜಾರಿಯಾಗುವವರೆಗೆ ಜೀವಂತವಾಗಿರುತ್ತದೆ. ಹತ್ತು ವರ್ಷದ ಹಿಂದೆ ಬಿಟ್ಟುಬಂದ ಕೇಸು ದೀರ್ಘಕಾಲ ಬಾಕಿ ಉಳಿದ ಪ್ರಕರಣಗಳ ಪಟ್ಟಿಯಲ್ಲಿ, ಅಂದರೆ ಎಲ್‌ಪಿಸಿಯಲ್ಲಿ ಕೂತಿರುತ್ತದೆ. ವಿಶೇಷ ಕಾರ್ಯಾಚರಣೆ ಎಂದು ಪೊಲೀಸರು ಹೊರಟಾಗ ಬಾಗಿಲು ತಟ್ಟುತ್ತದೆ. ದೂರುದಾರರ ಜೊತೆ ರಾಜಿಯಾಗಿದೆ ಎಂದರೂ ವಾರಂಟ್ ತಾನಾಗಿ ಬೀಳುವುದಿಲ್ಲ. ಠಾಣೆಯಲ್ಲೇ ಮುಗಿಸಿಕೊಡುತ್ತೇನೆ ಎನ್ನುವ ಮಧ್ಯವರ್ತಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ, ಆ ಅಧಿಕಾರ ಠಾಣೆಗೆ ಇಲ್ಲವೇ ಇಲ್ಲ.

ಕ್ರಮ ಹೀಗಿದೆ. ವಕೀಲರು ವಕಾಲತ್ತು ಹಾಕಿ, ಕಲಂ 72(2)ರ ಅಡಿ ವಾರಂಟ್ ಹಿಂಪಡೆಯಲು ಅರ್ಜಿ ಬರೆಯುತ್ತಾರೆ. ಮುಂದಿನ ತಾರೀಖು ದೂರವಿದ್ದರೆ ಪ್ರಕರಣವನ್ನು ಇಂದೇ ಕೈಗೆತ್ತಿಕೊಳ್ಳಬೇಕೆಂದು ಕೋರುವ ಅಡ್ವಾನ್ಸ್ ಅರ್ಜಿಯನ್ನೂ ಜೊತೆಗಿಡುತ್ತಾರೆ. ಗೈರಿಗೆ ಕಾರಣ ಹೇಳುವ ಪ್ರಮಾಣಪತ್ರಕ್ಕೆ ನೀವು ಸಹಿ ಹಾಕುತ್ತೀರಿ. ಅದರಲ್ಲಿ ನಿಜವನ್ನೇ ಬರೆಸಿ. ಆಸ್ಪತ್ರೆಯಲ್ಲಿದ್ದರೆ ಡಿಸ್ಚಾರ್ಜ್ ಸಾರಾಂಶ, ಮನೆಯಲ್ಲಿ ಸಾವಾಗಿದ್ದರೆ ಮರಣ ಪ್ರಮಾಣಪತ್ರ, ಮನೆ ಬದಲಾಗಿದ್ದರೆ ಹೊಸ ಬಾಡಿಗೆ ಕರಾರು ಲಗತ್ತಿಸಿ. ಇಲ್ಲದ ಜ್ವರಕ್ಕೆ ಸರ್ಟಿಫಿಕೇಟ್ ತರುವ ಅಭ್ಯಾಸ ಕೆಟ್ಟದ್ದು. ತಾರೀಖು ಗೊತ್ತಾಗಲಿಲ್ಲ, ಕೂಲಿ ಬಿಟ್ಟು ಬರಲಾಗಲಿಲ್ಲ ಎಂಬ ಸರಳ ಸತ್ಯವನ್ನು ನ್ಯಾಯಾಧೀಶರು ದಿನವೂ ಕೇಳುತ್ತಾರೆ, ಸುಳ್ಳು ಸರ್ಟಿಫಿಕೇಟನ್ನೂ ದಿನವೂ ನೋಡುತ್ತಾರೆ.

ಬೆಳಿಗ್ಗೆ ಕಲಾಪ ಆರಂಭವಾಗುವ ಮುನ್ನವೇ ಹೋಗಿ. ಹೆಸರು ಕೂಗಿದಾಗ ಆರೋಪಿಗಳು ನಿಲ್ಲುವ ಕಟಕಟೆಗೆ ಹೋಗಿ ನಿಲ್ಲಿ. ಮೊಬೈಲ್ ಆಫ್ ಆಗಿರಲಿ. ಸರ್ಕಾರಿ ಅಭಿಯೋಜಕರು ಆಕ್ಷೇಪ ಹೇಳಬಹುದು. ‘ಯಾಕೆ ಬರಲಿಲ್ಲ?’ ಎಂದು ನ್ಯಾಯಾಧೀಶರು ನೇರವಾಗಿ ನಿಮ್ಮನ್ನೇ ಕೇಳಿದರೆ ಒಂದೆರಡು ಮಾತಿನಲ್ಲಿ ಉತ್ತರ ಕೊಡಿ. ಮೊದಲ ತಪ್ಪಾದರೆ, ಕಾರಣ ಒಪ್ಪುವಂತಿದ್ದರೆ, ಹೆಚ್ಚಿನ ಸಂದರ್ಭಗಳಲ್ಲಿ ವೆಚ್ಚ ವಿಧಿಸಿ ವಾರಂಟ್ ಹಿಂಪಡೆಯುತ್ತಾರೆ. ಕೆಲವೊಮ್ಮೆ ಹಳೆಯ ಬಾಂಡ್ ಮುಟ್ಟುಗೋಲಾಗಿ ಹೊಸ ಜಾಮೀನು ಕೇಳುತ್ತಾರೆ. ಮತ್ತೆ ಮತ್ತೆ ತಪ್ಪಿಸಿಕೊಂಡವರನ್ನು ಅಲ್ಲಿಂದಲೇ ನ್ಯಾಯಾಂಗ ಬಂಧನಕ್ಕೆ ಕಳಿಸುವುದೂ ಉಂಟು. ಈ ಸಾಧ್ಯತೆಯನ್ನು ವಕೀಲರ ಬಳಿ ಮೊದಲೇ ಕೇಳಿ, ಮನೆಯವರಿಗೆ ತಿಳಿಸಿ ಹೊರಡಿ.

ಜಾಮೀನುದಾರರನ್ನು ಅಂದೇ ಕರೆದೊಯ್ಯುವುದು ಜಾಣತನ. ಅವರ ಆಧಾರ್, ಫೋಟೊ, ಪಹಣಿ ಅಥವಾ ಮನೆ ಕಂದಾಯದ ರಸೀದಿ ಬೇಕಾಗುತ್ತದೆ. ಮಧ್ಯಾಹ್ನದ ಮೇಲೆ ಪಹಣಿ ತರಲು ಓಡಿ, ಅಷ್ಟರಲ್ಲಿ ನ್ಯಾಯಾಧೀಶರು ಎದ್ದುಹೋಗಿ, ಆ ರಾತ್ರಿ ಜೈಲಿನಲ್ಲಿ ಕಳೆಯಬೇಕಾದವರ ಸಂಕಟ ಹೇಳತೀರದು.

ರದ್ದತಿಯ ಆದೇಶವಾದರೂ ಕೆಲಸ ಮುಗಿದಿಲ್ಲ. ವಾರಂಟ್ ಹೋದ ಠಾಣೆಗೆ ಅದು ರದ್ದಾಗಿದೆ ಎಂಬ ಮಾಹಿತಿ ತಲುಪಬೇಕು. ಮುಂಬೈಯ ವಕೀಲರೊಬ್ಬರನ್ನು, ಅವರ ವಾರಂಟ್ ರದ್ದಾಗಿದ್ದರೂ, 2002ರ ಸ್ವಾತಂತ್ರ್ಯ ದಿನದಂದು ಬಂಧಿಸಲಾಗಿತ್ತು. ಆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2011ರಲ್ಲಿ ವಾರಂಟ್‌ಗಳಿಗೆ ಸಂಖ್ಯೆ ಹಾಕಿ ನೋಂದಣಿ ಪುಸ್ತಕ ಇಡಬೇಕೆಂದು ನಿರ್ದೇಶನ ಕೊಟ್ಟಿತು. ನಿರ್ದೇಶನ ಇದೆಯೆಂದು ಕೂರಬೇಡಿ. ಆದೇಶದ ದೃಢೀಕೃತ ನಕಲು ಪಡೆದು ಒಂದನ್ನು ಠಾಣೆಗೆ ಕೊಟ್ಟು ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ, ಇನ್ನೊಂದರ ಫೋಟೊ ಮೊಬೈಲಿನಲ್ಲಿ ಸದಾ ಇರಲಿ.

ಮ್ಯಾಜಿಸ್ಟ್ರೇಟರು ಅರ್ಜಿ ತಿರಸ್ಕರಿಸಿದರೆ ಸೆಷನ್ಸ್ ನ್ಯಾಯಾಲಯದ ದಾರಿಯಿದೆ, ಕಲಂ 528ರ ಅಡಿ ಹೈಕೋರ್ಟ್ ಇದೆ. ಉತ್ತರ ಕರ್ನಾಟಕದವರು ಬೆಂಗಳೂರಿನವರೆಗೆ ಬರಬೇಕಿಲ್ಲ, ಧಾರವಾಡ ಮತ್ತು ಕಲಬುರಗಿ ಪೀಠಗಳಿವೆ.

ತಡಮಾಡಿದರೆ ಮುಂದಿನದು ಉದ್ಘೋಷಣೆ. ಕನಿಷ್ಠ 30 ದಿನಗಳ ಅವಧಿ ಕೊಟ್ಟು ಹಾಜರಾಗಲು ಹೇಳುವ ಪ್ರಕಟಣೆಯನ್ನು ಊರಿನ ಎದ್ದುಕಾಣುವ ಜಾಗದಲ್ಲಿ ಓದುತ್ತಾರೆ, ಮನೆ ಬಾಗಿಲಿಗೂ ಅಂಟಿಸುತ್ತಾರೆ. ಆಸ್ತಿ ಜಪ್ತಿಗೂ ಆದೇಶವಾಗಬಹುದು. ಅದಕ್ಕೂ ಹಾಜರಾಗದಿದ್ದರೆ ಭಾರತೀಯ ನ್ಯಾಯ ಸಂಹಿತೆಯ ಕಲಂ 209ರ ಪ್ರಕಾರ ಅದೇ ಒಂದು ಬೇರೆ ಅಪರಾಧ, ಮೂರು ವರ್ಷದವರೆಗೆ ಶಿಕ್ಷೆಯಾಗಬಹುದು. ಘೋರ ಅಪರಾಧಗಳಲ್ಲಿ ಉದ್ಘೋಷಿತ ಅಪರಾಧಿ ಎಂದು ಸಾರಿದ ಮೇಲಾದರೆ ಏಳು ವರ್ಷದವರೆಗೆ. ಆ ಹಂತದಲ್ಲಿ ನಿರೀಕ್ಷಣಾ ಜಾಮೀನಿನ ಬಾಗಿಲೂ ಬಹುಮಟ್ಟಿಗೆ ಮುಚ್ಚಿಕೊಳ್ಳುತ್ತದೆ.

ಹೆಜ್ಜೆ 5: ಪೊಲೀಸರು ಬಾಗಿಲಿಗೆ ಬಂದೇಬಿಟ್ಟರೆ

ಓಡಬೇಡಿ, ತಳ್ಳಾಟಕ್ಕೆ ಇಳಿಯಬೇಡಿ. ವಾರಂಟಿನ ಸಾರಾಂಶವನ್ನು ಹೇಳಬೇಕು, ಕೇಳಿದರೆ ತೋರಿಸಬೇಕು ಎಂಬುದು ಕಲಂ 77. ಹೆಸರು, ತಂದೆಯ ಹೆಸರು, ವಿಳಾಸ, ಪ್ರಕರಣ ಸಂಖ್ಯೆ ಓದಿ. ಒಂದೇ ಹೆಸರಿನ ಇಬ್ಬರಿರುವ ಊರುಗಳಲ್ಲಿ ತಪ್ಪು ವ್ಯಕ್ತಿಯನ್ನು ಕರೆದೊಯ್ಯುವುದು ನಡೆಯುತ್ತದೆ. ತಂದೆಯ ಹೆಸರಿರುವ ಗುರುತಿನ ಚೀಟಿ ತೋರಿಸಿ ಸ್ಪಷ್ಟವಾಗಿ ಹೇಳಿ. ಆದರೂ ಕರೆದೊಯ್ದರೆ ಮ್ಯಾಜಿಸ್ಟ್ರೇಟರ ಮುಂದೆ ಮೊದಲ ಮಾತೇ ಅದಾಗಲಿ.

ವಾರಂಟ್ ಇಲ್ಲದೆ ಬಂಧಿಸುವುದಾದರೆ ಬಂಧನದ ಕಾರಣಗಳನ್ನು ತಿಳಿಸಲೇಬೇಕು. ಅದು ಸಂವಿಧಾನದ 22ನೇ ವಿಧಿಯ ಹಕ್ಕು. ಬಂಧನ ಪತ್ರಕ್ಕೆ ಮನೆಯವರ ಅಥವಾ ಊರಿನ ಗೌರವಸ್ಥರೊಬ್ಬರ ಸಾಕ್ಷಿ ಸಹಿ ಆಗಬೇಕು, ನಿಮ್ಮ ಸಹಿಯೂ ಬೇಕು. ಎಲ್ಲಿಗೆ ಕರೆದೊಯ್ಯುತ್ತಿದ್ದೇವೆ ಎಂದು ನೀವು ಹೇಳಿದ ಒಬ್ಬರಿಗೆ ತಿಳಿಸಬೇಕು. ವಿಚಾರಣೆಯ ನಡುವೆ ವಕೀಲರನ್ನು ಭೇಟಿಯಾಗುವ ಹಕ್ಕು ನಿಮಗಿದೆ. ಮಹಿಳೆಯರನ್ನು ವಿಶೇಷ ಸಂದರ್ಭ ಬಿಟ್ಟರೆ ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಬಂಧಿಸುವಂತಿಲ್ಲ, ವಿಶೇಷ ಸಂದರ್ಭದಲ್ಲೂ ಮಹಿಳಾ ಅಧಿಕಾರಿ ಮ್ಯಾಜಿಸ್ಟ್ರೇಟರ ಪೂರ್ವಾನುಮತಿ ಪಡೆಯಬೇಕು. 60 ವರ್ಷ ದಾಟಿದವರನ್ನು ಅಥವಾ ಅಶಕ್ತರನ್ನು, ಮೂರು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧಕ್ಕೆ ವಾರಂಟ್ ಇಲ್ಲದೆ ಬಂಧಿಸಲು ಡಿವೈಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯ ಅನುಮತಿ ಬೇಕು. ಹೊಸ ಸಂಹಿತೆ ತಂದ ಈ ರಕ್ಷಣೆ ಹಿರಿಯರಿರುವ ಮನೆಗಳಿಗೆಲ್ಲ ಗೊತ್ತಿರಬೇಕು.

ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಭಾನುವಾರ, ಹಬ್ಬ ಎಂಬ ವಿನಾಯಿತಿ ಇಲ್ಲ, ರಜಾ ದಿನ ನ್ಯಾಯಾಧೀಶರ ಮನೆಗೇ ಕರೆದೊಯ್ಯುತ್ತಾರೆ. ಠಾಣೆಯಲ್ಲಿ ಹೊಡೆದಿದ್ದರೆ ಅಲ್ಲಿ ಬಾಯಿಬಿಟ್ಟು ಹೇಳಿ, ಗಾಯ ತೋರಿಸಿ. ಪಕ್ಕದಲ್ಲಿ ಪೇದೆ ನಿಂತಿದ್ದಾರೆಂದು ಸುಮ್ಮನಾದರೆ ಆಮೇಲೆ ಹೇಳಿದ ಮಾತಿಗೆ ಅಷ್ಟು ಬೆಲೆ ಉಳಿಯುವುದಿಲ್ಲ.

ವಕೀಲರಿಗೆ ಕೊಡಲು ಹಣವಿಲ್ಲವೆಂದು ಯಾರೂ ಒಂಟಿಯಾಗಿ ನಿಲ್ಲಬೇಕಿಲ್ಲ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಬಂಧನದಲ್ಲಿರುವವರು ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರಿಗೆ ಅರ್ಹರು. ತಾಲ್ಲೂಕು ನ್ಯಾಯಾಲಯದಲ್ಲೇ ಕಾನೂನು ಸೇವಾ ಸಮಿತಿ ಇದೆ, ಸಹಾಯವಾಣಿ 15100. ಜಾಮೀನು ಸಿಗುವ ಅಪರಾಧದಲ್ಲಿ ಬಂಧಿತರಾಗಿ ಒಂದು ವಾರದೊಳಗೆ ಜಾಮೀನುದಾರರನ್ನು ಒದಗಿಸಲಾಗದವರನ್ನು ಬಡವರೆಂದೇ ಪರಿಗಣಿಸಿ ಸ್ವಂತ ಬಾಂಡ್ ಮೇಲೆ ಬಿಡಬೇಕೆಂದು ಕಲಂ 478 ಹೇಳುತ್ತದೆ. ಈ ಮಾತು ಗೊತ್ತಿಲ್ಲದೆ ಜೈಲಿನಲ್ಲಿ ಕೊಳೆಯುವವರನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಹೆಜ್ಜೆ 6: ದೋಷಾರೋಪಣೆಯ ದಿನ

ನೀವು ಹಾಜರಾದ ದಿನದಿಂದ 14 ದಿನಗಳೊಳಗೆ ದೋಷಾರೋಪ ಪಟ್ಟಿ ಮತ್ತು ಸಾಕ್ಷಿ ಹೇಳಿಕೆಗಳ ಪ್ರತಿಗಳನ್ನು ಉಚಿತವಾಗಿ ಕೊಡಬೇಕು. ಕೂತು ಓದಿ. ನಿಮ್ಮ ವಿರುದ್ಧ ಏನೂ ಇಲ್ಲವೆನಿಸಿದರೆ ದೋಷಾರೋಪಣೆಗೂ ಮೊದಲೇ ಬಿಡುಗಡೆ ಕೋರಿ ಅರ್ಜಿ ಹಾಕಬಹುದು. ಪ್ರತಿಗಳು ಸಿಕ್ಕ 60 ದಿನಗಳೊಳಗೆ ಅದನ್ನು ಹಾಕಬೇಕೆಂದು ಮ್ಯಾಜಿಸ್ಟ್ರೇಟ್ ನ್ಯಾಯಾಲಯದ ‘ವಾರಂಟ್ ಪ್ರಕರಣ’ಗಳಿಗೆ, ಅಂದರೆ ಎರಡು ವರ್ಷಕ್ಕಿಂತ ಹೆಚ್ಚಿನ ಶಿಕ್ಷೆಯ ಅಪರಾಧದ ಪ್ರಕರಣಗಳಿಗೆ, ಹೊಸ ಸಂಹಿತೆ ಗಡುವು ಇಟ್ಟಿದೆ.

ಆಮೇಲೆ ನ್ಯಾಯಾಧೀಶರು ಆರೋಪಗಳನ್ನು ಓದಿ ಹೇಳಿ, ತಪ್ಪೊಪ್ಪಿಕೊಳ್ಳುತ್ತೀರೋ ಎಂದು ಕೇಳುತ್ತಾರೆ. ‘ಒಪ್ಪಿಕೊಂಡುಬಿಡು, ದಂಡ ಕಟ್ಟಿ ಇವತ್ತೇ ಮನೆಗೆ ಹೋಗಬಹುದು’ ಎಂದು ಮೊಗಸಾಲೆಯಲ್ಲಿ ಸಲಹೆ ಕೊಡುವವರಿಗೆ ಬರವಿಲ್ಲ. ಒಪ್ಪಿಕೊಂಡರೆ ಅದು ಶಿಕ್ಷೆಯ ದಾಖಲೆ. ಸರ್ಕಾರಿ ಕೆಲಸದ ಪೊಲೀಸ್ ಪರಿಶೀಲನೆಯಲ್ಲಿ, ಪಾಸ್‌ಪೋರ್ಟ್‌ನಲ್ಲಿ, ವೀಸಾ ಅರ್ಜಿಯಲ್ಲಿ ಆ ಒಂದು ಸಾಲು ಎದುರಾಗುತ್ತದೆ. ಇಪ್ಪತ್ತರ ಹುಡುಗನೊಬ್ಬ ಗಣಪತಿ ಮೆರವಣಿಗೆಯ ಗಲಾಟೆಯ ಕೇಸಿನಲ್ಲಿ ದಂಡ ಕಟ್ಟಿ ಬಂದು, ಪೊಲೀಸ್ ಕಾನ್ಸ್‌ಟೇಬಲ್ ಆಯ್ಕೆಯ ಹೊತ್ತಿಗೆ ಅದನ್ನು ಬರೆಯಬೇಕಾಗುವುದನ್ನು ಯೋಚಿಸಿ. ನಿಮ್ಮ ವಕೀಲರ ಜೊತೆ ಮಾತಾಡದೆ ಹೌದೆನ್ನಬೇಡಿ.

ವಿಚಾರಣೆ ವರ್ಷಗಟ್ಟಲೆ ನಡೆಯಬಹುದು. ಬರಲಾಗದ ದಿನ ಹಾಜರಿ ವಿನಾಯಿತಿ ಅರ್ಜಿ ಹಾಕಿಸಿ, ಅದು ಹಿಂದಿನ ದಿನವೇ ವಕೀಲರ ಕೈಗೆ ತಲುಪಬೇಕು. ವಯಸ್ಸಾದವರು, ದೂರದಲ್ಲಿ ದುಡಿಯುವವರು ಖುದ್ದು ಹಾಜರಿಯಿಂದ ಶಾಶ್ವತ ವಿನಾಯಿತಿಯನ್ನೂ ಕೇಳಬಹುದು.

ಸಾಕ್ಷಿಗಳಿಗೂ ವಾರಂಟ್ ಬರುತ್ತದೆ. ಮಹಜರಿಗೆ ಪಂಚರಾಗಿ ಸಹಿ ಹಾಕಿದವರು ಎಷ್ಟೋ ವರ್ಷಗಳ ಮೇಲೆ ಸಮನ್ಸ್ ಬಂದಾಗ ‘ನನಗೇನು ಸಂಬಂಧ’ ಎಂದು ಬಿಟ್ಟುಬಿಡುತ್ತಾರೆ. ಒಂದು ದಿನ ಹೋಗಿ ಸಾಕ್ಷ್ಯ ಹೇಳಿಬಂದರೆ ಮುಗಿಯುವ ಕೆಲಸ, ಹೋಗದಿದ್ದರೆ ಪೊಲೀಸರು ಕರೆದೊಯ್ಯುವ ಕೆಲಸವಾಗುತ್ತದೆ.

ಹೊರರಾಜ್ಯ, ಹೊರದೇಶದಲ್ಲಿರುವವರಿಗೆ

ವಾರಂಟ್ ಭಾರತದ ಯಾವ ಮೂಲೆಯಲ್ಲಾದರೂ ಜಾರಿಯಾಗಬಹುದು. ರಾಯಚೂರಿನ ವಾರಂಟ್ ಪುಣೆಯಲ್ಲಿ ಜಾರಿಯಾದರೆ ಅಲ್ಲಿನ ಮ್ಯಾಜಿಸ್ಟ್ರೇಟರು ಅಥವಾ ಹಿರಿಯ ಪೊಲೀಸ್ ಅಧಿಕಾರಿಯ ಮುಂದೆ ಮೊದಲು ಹಾಜರುಪಡಿಸುತ್ತಾರೆ. ಜಾಮೀನುಸಹಿತ ವಾರಂಟ್ ಆಗಿದ್ದರೆ ಅಲ್ಲೇ ಬಾಂಡ್ ಕೊಟ್ಟು ಬಿಡಿಸಿಕೊಳ್ಳಬಹುದು.

ಕೊಲ್ಲಿ ದೇಶಗಳಲ್ಲಿ ದುಡಿಯುವ ಕರಾವಳಿಯವರಿಗೆ ಊರಿನ ಹಳೆಯ ಕೇಸು ನೆನಪಾಗುವುದು ವಿಮಾನ ನಿಲ್ದಾಣದಲ್ಲಿ. ಲುಕ್‌ಔಟ್ ಸುತ್ತೋಲೆ ಇದ್ದರೆ ವಲಸೆ ಅಧಿಕಾರಿಗಳು ಅಲ್ಲೇ ತಡೆಯುತ್ತಾರೆ. ರಜೆಗೆ ಹೊರಡುವ ಮುನ್ನ ಸಿಎನ್‌ಆರ್ ಸಂಖ್ಯೆಯಿಂದ ಪ್ರಕರಣದ ಹಂತ ನೋಡಿ, ವಕೀಲರಿಂದ ಅರ್ಜಿ ಸಿದ್ಧಮಾಡಿಸಿ, ಬಂದಿಳಿದ ಮೊದಲ ಕೆಲಸದ ದಿನವೇ ನ್ಯಾಯಾಲಯಕ್ಕೆ ಹೋಗುವಂತೆ ಟಿಕೆಟ್ ಮಾಡಿಸಿ. ಮರಳಿ ಹೋಗುವ ಟಿಕೆಟ್ಟಿಗೆ ಸಾಕಷ್ಟು ದಿನಗಳ ಅಂತರವಿರಲಿ, ಏಕೆಂದರೆ ಜಾಮೀನಿನ ಷರತ್ತಿನಲ್ಲಿ ಅನುಮತಿಯಿಲ್ಲದೆ ದೇಶ ಬಿಡಬಾರದೆಂದು ಇದ್ದರೆ ಪ್ರಯಾಣಕ್ಕೆ ಬೇರೆ ಅರ್ಜಿ ಹಾಕಬೇಕು. ಕೇಸು ಬಾಕಿ ಇರುವಾಗ ಪಾಸ್‌ಪೋರ್ಟ್ ನವೀಕರಣಕ್ಕೂ ನ್ಯಾಯಾಲಯದ ಅನುಮತಿ ಬೇಕು. ಆ ಆದೇಶದಲ್ಲಿ ಅವಧಿ ನಮೂದಾಗದಿದ್ದರೆ 1993ರ ಆಗಸ್ಟ್ 25ರ ಕೇಂದ್ರ ಅಧಿಸೂಚನೆಯ ಪ್ರಕಾರ ಒಂದೇ ವರ್ಷದ ಪಾಸ್‌ಪೋರ್ಟ್ ಸಿಗುತ್ತದೆ. ಆದ್ದರಿಂದ ಅರ್ಜಿಯಲ್ಲೇ ಇಷ್ಟು ವರ್ಷಕ್ಕೆ ಎಂದು ಬರೆಸಿ, ಆದೇಶದಲ್ಲೂ ಅದು ಬಂದಿದೆಯೇ ಎಂದು ಓದಿಕೊಂಡೇ ನ್ಯಾಯಾಲಯದಿಂದ ಹೊರಡಿ.